ಒಂದೇ ಭರಣಿಯ ಉಪ್ಪು: ಥೈರಾಯ್ಡ್ ಉರಿಯೂತದ ಒಂದು ಪ್ರಕರಣ

ಈ ಪ್ರಕರಣದವರನ್ನು ಟೀಚರ್ ಎಂದೇ ಕರೆಯುತ್ತೇನೆ. ವಯಸ್ಸು 48, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾರೆ. ಊರು ಉತ್ತರ ಕನ್ನಡದ ಘಟ್ಟದ ಮೇಲೆ ಎಲ್ಲೋ ಒಂದು ಕಡೆ ಎಂದು ಇಟ್ಟುಕೊಳ್ಳಿ. ನಾನು ಅಲ್ಲಿನ ಫ್ಯಾಮಿಲಿ ಡಾಕ್ಟರ್. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಮಾಡಿದ ತಪ್ಪುಗಳನ್ನು ಮಾತ್ರ ಇದ್ದಂತೆಯೇ ಬಿಟ್ಟಿದ್ದೇನೆ. ಬರೆಯಲಾ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಬರೀರಿ ಡಾಕ್ಟ್ರೇ, ಹೆಸರೊಂದು ಬೇಡ."

ಮನೆಯಲ್ಲಿ ಐದು ಜನ. ಟೀಚರ್, ಅವರ ಯಜಮಾನರು, ಎಂಬತ್ತು ದಾಟಿದ ಅತ್ತೆ, ಮಗ, ಸೊಸೆ. ಮೀನು ಮೊಟ್ಟೆ ತಿನ್ನದ ಮನೆ. ಒಲೆಯ ಪಕ್ಕ ಒಂದು ಉಪ್ಪಿನ ಭರಣಿ, ಐದೂ ಜನಕ್ಕೆ ಅದೇ ಉಪ್ಪು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಳೆಯಲು ಸುಮಾರು ಒಂದು ವರ್ಷ ಹಿಡಿಯಿತು.

ಅರ್ಧ ನಿಮಿಷದ ಉತ್ತರ

ಫೆಬ್ರವರಿಯಲ್ಲಿ ಮೊದಲ ಸಲ ಬಂದಾಗ ಅವರು ಹೇಳಿದ್ದು ನಾವೆಲ್ಲ ದಿನಾ ಕೇಳುವ ಮಾತೇ. ಸುಸ್ತು. ಆರು ತಿಂಗಳಲ್ಲಿ ನಾಲ್ಕು ಕೆಜಿ ತೂಕ ಜಾಸ್ತಿ. ಬಾಚಿದರೆ ಬಾಚಣಿಗೆ ತುಂಬ ಕೂದಲು. ಮೂರನೇ ಪೀರಿಯಡ್ ಹೊತ್ತಿಗೆ ಗಂಟಲು ಕಟ್ಟಿ ದನಿಯೇ ಹೊರಡುವುದಿಲ್ಲ. ಕುತ್ತಿಗೆ ಮುಟ್ಟಿ ನೋಡಿದೆ. ಥೈರಾಯ್ಡ್ ಗ್ರಂಥಿ ತುಸು ಊದಿತ್ತು, ರಬ್ಬರಿನ ಹಾಗೆ ಗಟ್ಟಿ, ಒತ್ತಿದರೆ ನೋವಿಲ್ಲ. ರಿಪೋರ್ಟ್‌ನಲ್ಲಿ ಟಿಎಸ್‌ಎಚ್ 14.2 ಬಂತು. ಥೈರಾಯ್ಡನ್ನು ಕೆಲಸಕ್ಕೆ ಹಚ್ಚಲು ಮಿದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್ ಟಿಎಸ್‌ಎಚ್, ಥೈರಾಯ್ಡ್ ಸೋತಷ್ಟೂ ಏರುತ್ತದೆ. ಅದು ಸುಮಾರು 0.4ರಿಂದ 4ರೊಳಗೆ ಇರಬೇಕು. ಥೈರಾಯ್ಡ್ ತಾನೇ ಮಾಡುವ ಹಾರ್ಮೋನ್, ಫ್ರೀ ಟಿ4, ಕೆಳಗಿನ ಗಡಿಗಿಂತ ಸ್ವಲ್ಪ ಕಡಿಮೆ. ಆಂಟಿ-ಟಿಪಿಒ ಎಂಬ ಆಂಟಿಬಾಡಿ 34ರ ಒಳಗೆ ಇರಬೇಕಾದದ್ದು 600 ದಾಟಿತ್ತು.

ಹಾಶಿಮೊಟೊ ಥೈರಾಯ್ಡೈಟಿಸ್. 1912ರಲ್ಲಿ ಹಕಾರು ಹಾಶಿಮೊಟೊ ಎಂಬ ಜಪಾನಿ ವೈದ್ಯರು ನಾಲ್ಕು ಹೆಂಗಸರ ಥೈರಾಯ್ಡ್ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳ ತುಂಬ ಬಿಳಿ ರಕ್ತಕಣ ಸೇರಿಕೊಂಡಿದ್ದನ್ನು ಬರೆದಿಟ್ಟರು. ರೋಗಾಣುವಿನ ಮೇಲೆ ಹೋಗಬೇಕಾದ ಕಣಗಳು ಸ್ವಂತ ಗ್ರಂಥಿಯ ಮೇಲೇ ಹೋಗುತ್ತವೆ. ಜ್ವರವಿಲ್ಲ, ನೋವಿಲ್ಲ. ವರ್ಷಗಟ್ಟಲೆ ನಿಧಾನವಾಗಿ ಗ್ರಂಥಿ ಸವೆಯುತ್ತದೆ. ಟೀಚರ್ ಅವರ ಗ್ರಂಥಿ ಇನ್ನೂ ಪೂರ್ತಿ ಸೋತಿರಲಿಲ್ಲ. ಹಾಗಾಗಿ ಲೆವೋಥೈರಾಕ್ಸಿನ್, ಅಂದರೆ ಆ ಟಿ4 ಹಾರ್ಮೋನನ್ನೇ ಮಾತ್ರೆಯಾಗಿ, 50 ಮೈಕ್ರೋಗ್ರಾಂ ಶುರು ಮಾಡಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕಾಫಿಗೆ ಮುಂಚೆ ಕಮ್ಮಿಯೆಂದರೆ ಅರ್ಧ ಗಂಟೆ ಬಿಡಬೇಕು.

ಏಳುವಾಗ ಅವರು ಕೇಳಿದರು. "ಡಾಕ್ಟ್ರೇ, ಅಯೋಡಿನ್ ಉಪ್ಪಿನಿಂದಾನೇ ಇದು ಬರೋದಂತೆ, ಹೌದಾ? ಉಪ್ಪು ಬದಲಿಸಬೇಕಾ?"

ಹೊರಗೆ ಮೂವತ್ತು ಜನ ಕೂತಿದ್ದರು. "ಅದೆಲ್ಲ ಸುಮ್ನೆ. ಮೊಬೈಲಲ್ಲಿ ಬರೋದನ್ನೆಲ್ಲ ನಂಬಬೇಡಿ" ಎಂದು ಮುಂದಿನವರನ್ನು ಕರೆದೆ.

ಏಪ್ರಿಲ್ ಕೊನೆಗೆ ಟಿಎಸ್‌ಎಚ್ 3.6ಕ್ಕೆ ಇಳಿಯಿತು. ದನಿ ಬಿಟ್ಟಿತ್ತು. ಆರು ತಿಂಗಳ ನಂತರ ಮತ್ತೆ ನೋಡೋಣ ಎಂದೆ. ಎಲ್ಲ ಸರಿಯಾಯಿತು ಎಂದುಕೊಂಡೆ.

ಡಿಸೆಂಬರ್‌ನ 26

ಅವರು ಮತ್ತೆ ಬಂದದ್ದು ಡಿಸೆಂಬರ್‌ನಲ್ಲಿ. ಬಾಗಿಲಲ್ಲೇ ಗೊತ್ತಾಯಿತು. ಮುಖ ಊದಿತ್ತು, ಕಣ್ಣಿನ ಕೆಳಗೆ ಚೀಲ ಕಟ್ಟಿತ್ತು, ಚಳಿಗೆ ಸ್ವೆಟರ್ ಮೇಲೆ ಶಾಲು. ಟಿಎಸ್‌ಎಚ್ 26.

ಚೆನ್ನಾಗಿದ್ದ ಟಿಎಸ್‌ಎಚ್ ಹೀಗೆ ಏರಿದರೆ ನಾವು ಮೊದಲು ಅನುಮಾನಿಸುವುದು ಮಾತ್ರೆ ತಪ್ಪಿದ್ದನ್ನೇ. ದಿನಾ ತಗೋತೀರಾ? ದಿನಾ. ಕಾಫಿ ಜೊತೆಗಾ? ಇಲ್ಲ, ಸ್ನಾನ ಮುಗಿಸಿ ಬಂದ ಮೇಲೇ ಕಾಫಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ? ಕ್ಯಾಲ್ಸಿಯಂ ಇದೆ, ಆದರೆ ರಾತ್ರಿ ಊಟ ಆದಮೇಲೆ. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಲೆವೋಥೈರಾಕ್ಸಿನ್ ಹೀರದಂತೆ ಮಾಡುತ್ತವೆ, ನಡುವೆ ನಾಲ್ಕು ಗಂಟೆ ಅಂತರ ಬೇಕು. ಅವರ ಅಂತರ ಸಾಕಷ್ಟಿತ್ತು. ಕೂದಲಿಗೆ ಬಯೋಟಿನ್ ನುಂಗುವವರೂ ಇದ್ದಾರೆ. ಆದರೆ ಬಯೋಟಿನ್ ಹಲವು ಲ್ಯಾಬ್ ಯಂತ್ರಗಳಲ್ಲಿ ಟಿಎಸ್‌ಎಚ್ಚನ್ನು ಸುಳ್ಳು ಸುಳ್ಳೇ ಕಡಿಮೆ ತೋರಿಸುತ್ತದೆ, ಹೆಚ್ಚಲ್ಲ.

ಪ್ರಶ್ನೆ ಅಲ್ಲಿಗೆ ಮುಗಿಸಿದೆ. ರೋಗ ಮುಂದುವರಿದಿದೆ, ಗ್ರಂಥಿ ಇನ್ನಷ್ಟು ಸೋತಿದೆ ಎಂದು ತೀರ್ಮಾನಿಸಿ 75 ಬರೆದೆ. ತಪ್ಪು ಎಂದು ಹೇಳುವಂಥ ತೀರ್ಮಾನ ಅಲ್ಲ ಅದು. ಹಾಶಿಮೊಟೊದಲ್ಲಿ ಹಾಗೆ ಆಗುವುದುಂಟು. ಆದರೆ ಅಷ್ಟು ಬೇಗ ಆಗುವುದು ಅಪರೂಪ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಡೋಸ್ ಏರಿಸುವುದು ಸುಲಭ ಅನ್ನಿಸಿತು.

ಆರು ವಾರ ಬಿಟ್ಟು, ಜನವರಿ ಕೊನೆಗೆ, 19. ಡೋಸ್ ಒಂದೂವರೆ ಪಟ್ಟು ಮಾಡಿದ್ದಕ್ಕೆ ಇಳಿದದ್ದು ಅಷ್ಟೇ.

ಸೊಸೆ ಹೇಳಿದ್ದು

ಆ ದಿನ ಟೀಚರ್ ಒಬ್ಬರೇ ಬಂದಿರಲಿಲ್ಲ. ಸೊಸೆಗೆ ಹತ್ತು ವಾರ. ಬೆಳಿಗ್ಗೆ ಎದ್ದರೆ ವಾಂತಿ, ಒಗ್ಗರಣೆ ವಾಸನೆ ಆಗುವುದಿಲ್ಲ. ತಾಲ್ಲೂಕು ಕೇಂದ್ರದ ಹೆರಿಗೆ ತಜ್ಞರಿಗೆ ತೋರಿಸುವ ಮುಂಚೆ ಒಮ್ಮೆ ನನ್ನ ಹತ್ತಿರ ಬಂದಿದ್ದರು. ಬಸುರಿಯರಿಗೆ ನಾನು ಊಟದ ಬಗ್ಗೆ ನಾಲ್ಕು ಮಾತು ಕೇಳುತ್ತೇನೆ. ಹಾಲು ಎಷ್ಟು, ಸೊಪ್ಪು ಎಷ್ಟು ಸಲ, ಯಾವ ಉಪ್ಪು. ಬಾಯಿಪಾಠದ ಪ್ರಶ್ನೆಗಳು, ಉತ್ತರವೂ ಹೆಚ್ಚಾಗಿ ಒಂದೇ.

"ಕಲ್ಲುಪ್ಪು" ಎಂದಳು ಸೊಸೆ. "ಅತ್ತೆ ಪ್ಯಾಕೆಟ್ ಉಪ್ಪು ತರಬೇಡಿ ಅಂದಿದ್ದಾರೆ. ಮೇ ತಿಂಗಳಿಂದ."

ನಾನು ಟೀಚರ್ ಕಡೆ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಕರಾವಳಿಯ ಉಪ್ಪಿನಾಗರದ ಕಲ್ಲುಪ್ಪು 25 ಕೆಜಿ ಚೀಲ ತರಿಸಿದ್ದರಂತೆ. ಅಯೋಡಿನ್ ಸೇರಿಸದ ಉಪ್ಪನ್ನು ನೇರವಾಗಿ ತಿನ್ನಲು ಮಾರುವಂತಿಲ್ಲ ಎಂಬ ನಿಯಮ ದೇಶದಲ್ಲಿ 2006ರಿಂದ ಇದೆ. ಆದರೂ ಉಪ್ಪಿನಕಾಯಿಗೆ, ದನಕ್ಕೆ, ತೆಂಗಿನ ಬುಡಕ್ಕೆ ಅಂತ ಚೀಲದ ಉಪ್ಪು ಸಿಕ್ಕೇ ಸಿಗುತ್ತದೆ. ಅಲ್ಲಿಂದ ಅಡುಗೆಮನೆಗೆ ಬರಲು ಎಷ್ಟು ಹೊತ್ತು?

ನನಗೆ ಒಂದು ಕ್ಷಣ ಸಮಾಧಾನವೇ ಆಯಿತು. ಕಾರಣ ಸಿಕ್ಕಿತಲ್ಲ ಎಂದು. ಮರುಕ್ಷಣ ಲೆಕ್ಕ ತಾಳೆಯಾಗಲಿಲ್ಲ. ಅಯೋಡಿನ್ ಕಮ್ಮಿಯಾದರೆ ಹಾಶಿಮೊಟೊ ಇರುವ ಗ್ರಂಥಿ ಏಳೆಂಟು ತಿಂಗಳಲ್ಲಿ ಹೀಗೆ ಕೈಕೊಡುವುದಿಲ್ಲ. ಅದರಲ್ಲೂ ಹಾಲು ಮೊಸರು ಧಾರಾಳವಾಗಿರುವ ಮನೆ. ಅವುಗಳಲ್ಲೂ ಸ್ವಲ್ಪ ಅಯೋಡಿನ್ ಇರುತ್ತದೆ. ಉಪ್ಪು ಬಿಟ್ಟದ್ದರಿಂದ ಸೊಸೆಗೆ ತೊಂದರೆ ಆಗಬಹುದು. ಟೀಚರ್ ಅವರ 26 ಅದರಿಂದ ಬಂದದ್ದಲ್ಲ. ಹಾಗಾದರೆ ಬೇರೆ ಇನ್ನೇನೋ ಇದೆ.

ಈ ಪ್ರಕರಣ ತಿರುಗಿದ್ದು ಅಲ್ಲಿ. ಕಾರಣ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿದ್ದರೆ "ಮತ್ತೆ ಅಯೋಡಿನ್ ಉಪ್ಪು ತಿನ್ನಿ" ಎಂದು ಕಳಿಸುತ್ತಿದ್ದೆ. ಅಸಲು ಕಾರಣ ಮನೆಯ ಕಪಾಟಿನಲ್ಲೇ ಉಳಿದಿರುತ್ತಿತ್ತು.

"ಟೀಚರ್, ನಾಳೆ ಒಂದು ಕೆಲಸ ಮಾಡಿ. ಬಾಯಿಗೆ ಹಾಕಿಕೊಳ್ಳೋದು ಏನೇನಿದೆಯೋ ಎಲ್ಲ ಒಂದು ಚೀಲದಲ್ಲಿ ತನ್ನಿ. ಮಾತ್ರೆ, ಪುಡಿ, ಎಣ್ಣೆ, ಕಷಾಯ, ಎಲ್ಲ. ನಾನು ಬಯ್ಯೋದಿಲ್ಲ."

ಕೊನೆಯ ಮಾತನ್ನು ಯಾಕೆ ಸೇರಿಸಿದೆನೋ, ಅದೇ ಕೆಲಸ ಮಾಡಿತು.

ಚೀಲದೊಳಗೆ

ಮರುದಿನ ಬಟ್ಟೆ ಚೀಲ ಮೇಜಿನ ಮೇಲೆ ಮಗುಚಿದರು. ಲೆವೋಥೈರಾಕ್ಸಿನ್ ಡಬ್ಬಿ. ಕ್ಯಾಲ್ಸಿಯಂ. ಅಶ್ವಗಂಧ ಪುಡಿ, ಅರ್ಧ ಖಾಲಿ. ಕೊಬ್ಬರಿ ಎಣ್ಣೆಯ ಒಂದು ಸಣ್ಣ ಬಾಟಲಿ, ಬೆಳಿಗ್ಗೆ ಒಂದು ಚಮಚ ಕುಡಿಯಲಿಕ್ಕಂತೆ. ಕೊನೆಗೆ ಹಸಿರು ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬ. ಆನ್‌ಲೈನಲ್ಲಿ ತರಿಸಿದ್ದು. ಮೇಲೆ ಎಲೆಯಂಥ ಕಡಲಕಳೆಯ ಚಿತ್ರ. ಕೆಲ್ಪ್ ಎಂಬ ಕಡಲಕಳೆಯ ಕ್ಯಾಪ್ಸೂಲ್.

ಹಿಂದೆ ತಿರುಗಿಸಿ ಸಣ್ಣಕ್ಷರ ಓದಿದೆ. ಒಂದು ಕ್ಯಾಪ್ಸೂಲಿನಲ್ಲಿ ಅಯೋಡಿನ್ 400 ಮೈಕ್ರೋಗ್ರಾಂ. "ದಿನಕ್ಕೆ ಎಷ್ಟು?" "ಮೂರು. ಸೆಪ್ಟೆಂಬರಿಂದ."

1200 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150. ಅಮೆರಿಕದವರು ಹಾಕಿಕೊಂಡ ಮೇಲಿನ ಮಿತಿ 1100, ಯೂರೋಪಿನವರದು 600. ಅವು ಕೂಡ ಥೈರಾಯ್ಡ್ ಸರಿಯಿರುವವರಿಗೆ. ಕೆಲ್ಪ್‌ನಲ್ಲಿ ಲೇಬಲ್ಲಿನ ಅಂಕಿಯನ್ನೂ ನಂಬುವ ಹಾಗಿಲ್ಲ. ಎಲ್ಲಿಯ ಕಡಲು, ಯಾವ ಜಾತಿ ಎಂಬುದರ ಮೇಲೆ ಅಯೋಡಿನ್ ಸಿಕ್ಕಾಪಟ್ಟೆ ಹೆಚ್ಚು ಕಡಿಮೆ ಆಗುತ್ತದೆ.

"ಟೀಚರ್, ಉಪ್ಪಲ್ಲಿ ಅಯೋಡಿನ್ ಬೇಡ ಅಂದವರು ಇದನ್ನು ಹೇಗೆ ತಗೊಂಡ್ರಿ?"

ಅವರ ಬಳಿ ಉತ್ತರವಿತ್ತು, ಅದರಲ್ಲಿ ಅವರದೇ ತರ್ಕವೂ ಇತ್ತು. "ಉಪ್ಪಲ್ಲಿ ಹಾಕೋದು ಕೆಮಿಕಲ್ ಅಯೋಡಿನ್. ಇದು ನ್ಯಾಚುರಲ್. ಕೆಮಿಕಲ್ ಥೈರಾಯ್ಡನ್ನು ಸುಡುತ್ತೆ, ನ್ಯಾಚುರಲ್ ಗುಣ ಮಾಡುತ್ತೆ ಅಂತ ಆ ವಿಡಿಯೋದಲ್ಲಿ ಇತ್ತು." ಸ್ವಲ್ಪ ತಡೆದು ಹೇಳಿದರು: "ನಿಮ್ಮನ್ನೇ ಕೇಳಿದ್ದೆ ಡಾಕ್ಟ್ರೇ. ನೀವು ಸುಮ್ನೆ ಅಂದ್ರಿ."

ನನಗೆ ಉತ್ತರ ಹೊಳೆಯಲಿಲ್ಲ.

ಏನಾಗಿತ್ತು

ಗ್ರಂಥಿಯೊಳಗೆ ಒಮ್ಮೆಗೇ ಜಾಸ್ತಿ ಅಯೋಡಿನ್ ನುಗ್ಗಿದರೆ ಅದು ಹಾರ್ಮೋನ್ ಮಾಡುವುದನ್ನು ನಿಲ್ಲಿಸುತ್ತದೆ. ಇದನ್ನು 1948ರಲ್ಲಿ ವುಲ್ಫ್ ಮತ್ತು ಚೈಕಾಫ್ ಎಂಬವರು ಇಲಿಗಳಲ್ಲಿ ತೋರಿಸಿದರು. ಆರೋಗ್ಯವಂತ ಗ್ರಂಥಿಯಾದರೆ ಕೆಲವೇ ದಿನದಲ್ಲಿ ಒಳಗೆ ಬರುವ ಅಯೋಡಿನ್ನಿಗೆ ಬಾಗಿಲು ಚಿಕ್ಕದು ಮಾಡಿ ಮತ್ತೆ ಕೆಲಸ ಶುರು ಮಾಡುತ್ತದೆ. ಹಾಶಿಮೊಟೊ ಇರುವ ಗ್ರಂಥಿಗೆ ಎಷ್ಟೋ ಸಲ ಆ ಬಾಗಿಲು ಮುಚ್ಚಲು ಬರುವುದಿಲ್ಲ. ಕೆಲಸ ನಿಂತದ್ದು ನಿಂತೇ ಇರುತ್ತದೆ.

ಈಗ ಅಂಕಿಗಳು ಹೊಂದಿಕೊಂಡವು. 62 ಕೆಜಿಯ ಟೀಚರ್ ಅವರಿಗೆ ಪೂರ್ತಿ ಡೋಸ್ ಬೇಕಾಗಿದ್ದರೆ ಸುಮಾರು 100 ಬೇಕಿತ್ತು. 50ಕ್ಕೇ ಟಿಎಸ್‌ಎಚ್ 3.6ಕ್ಕೆ ಬಂದಿತ್ತು ಎಂದರೆ ಅರ್ಧ ಹೊರೆ ಮಾತ್ರೆ ಹೊರುತ್ತಿತ್ತು, ಅರ್ಧ ಅವರದೇ ಗ್ರಂಥಿ. ಕೆಲ್ಪ್ ಆ ಗ್ರಂಥಿಯ ಕೈ ಕಟ್ಟಿಹಾಕಿತು. ನಾನು ಮಾತ್ರೆಯ ಹೊರೆ ಸ್ವಲ್ಪ ಹೆಚ್ಚಿಸಿದೆ. ಕಟ್ಟಿದ ಕೈಯನ್ನು ನೋಡಲೇ ಇಲ್ಲ.

ಉಪ್ಪಿನ ಲೆಕ್ಕ, ಚೀಟಿಯ ಹಿಂದೆ

ವಿಜ್ಞಾನ ಪಾಠ ಮಾಡುವವರಿಗೆ ಭಾಷಣ ಬೇಡ, ಲೆಕ್ಕ ಸಾಕು ಅನ್ನಿಸಿತು. ಒಂದು ಚೀಟಿ ಮಗುಚಿ ಇಟ್ಟೆ.

"ಮೊದಲು ಪ್ಯಾಕೆಟ್ ಉಪ್ಪು ಬರ್ತಿತ್ತಲ್ಲ, ಒಂದು ಕೆಜಿ ಎಷ್ಟು ದಿನಕ್ಕೆ ಖಾಲಿ ಆಗ್ತಿತ್ತು?"

"ಇಪ್ಪತ್ತು ದಿನ."

ಐದು ಜನ, ಇಪ್ಪತ್ತು ದಿನ. ಒಬ್ಬರಿಗೆ ದಿನಕ್ಕೆ 10 ಗ್ರಾಂ. (ಅದೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 5 ಗ್ರಾಂ ದಾಟಬೇಡಿ ಅನ್ನುತ್ತದೆ. ಯಜಮಾನರ ಬಿಪಿ ಬೇರೆ ಇದೆ. ಅದು ಇನ್ನೊಂದು ದಿನದ ಜಗಳ.) ಅಂಗಡಿಯಲ್ಲಿ ಸಿಗುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು, ಅಂದರೆ ಗ್ರಾಮಿಗೆ 15 ಮೈಕ್ರೋಗ್ರಾಂ. ಹತ್ತು ಗ್ರಾಮಿಗೆ 150. ಕುದಿಸುವಾಗ, ಭರಣಿಯ ತೇವಕ್ಕೆ ಸ್ವಲ್ಪ ಹೋಗುತ್ತದೆ. ಹೊಟ್ಟೆಗೆ ಸೇರುವುದು ನೂರು ಚಿಲ್ಲರೆ. ಕಾರ್ಖಾನೆಯಿಂದ 30 ಪಿಪಿಎಂ ಹಾಕಿ ಬಂದದ್ದು ಒಂದು ಚೂರೂ ಕಮ್ಮಿಯಾಗದೆ ತಟ್ಟೆಗೆ ಬಂತು ಅಂತಲೇ ಇಟ್ಟುಕೊಳ್ಳಿ. ಆಗಲೂ 300.

ಪಕ್ಕದಲ್ಲಿ 1200 ಎಂದು ಬರೆದು ಕೆಳಗೆ ಗೆರೆ ಎಳೆದೆ.

ಇನ್ನೊಂದು ಮಾತೂ ಹೇಳಿದೆ. ಉಪ್ಪಿಗೆ ಹಾಕುವುದು ಪೊಟ್ಯಾಸಿಯಂ ಅಯೋಡೇಟ್. ಹೊಟ್ಟೆಯೊಳಗೆ ಹೋದರೆ ಅದು ಅಯೋಡೈಡ್ ಆಗುತ್ತದೆ. ಕೆಲ್ಪ್‌ನಿಂದ ಬರುವುದೂ ಅಯೋಡೈಡೇ. ಎರಡರಲ್ಲಿ ಯಾವುದು ಪ್ಯಾಕೆಟ್ಟಿನದು, ಯಾವುದು ಕಡಲಿನದು ಎಂದು ಗ್ರಂಥಿಗೆ ಗೊತ್ತಾಗುವುದಿಲ್ಲ. ಅವರು ದಿನಾ ನುಂಗುವ ಲೆವೋಥೈರಾಕ್ಸಿನ್ ತೂಕದಲ್ಲಿ ನೂರಕ್ಕೆ ಸುಮಾರು 65 ಭಾಗ ಅಯೋಡಿನ್ನೇ. ಹಾರ್ಮೋನಿನ ಹೆಸರಲ್ಲಿರುವ ಟಿ4ರ ಆ ನಾಲ್ಕು, ನಾಲ್ಕು ಅಯೋಡಿನ್ ಪರಮಾಣು. ಟೀಚರ್ ಇದಕ್ಕೆ ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದು ಸಲ.

ಪ್ರಶ್ನೆಯಲ್ಲಿದ್ದ ಅರ್ಧ ನಿಜ

ಇಷ್ಟು ಹೇಳಿ ಮುಗಿಸಿದ್ದರೆ ಮತ್ತೊಂದು ಸಲ ಅರ್ಧ ಉತ್ತರವೇ ಆಗುತ್ತಿತ್ತು. ಫೆಬ್ರವರಿಯಲ್ಲಿ ಅವರು ಕೇಳಿದ್ದು ಪೂರ್ತಿ ಸುಳ್ಳು ಪ್ರಶ್ನೆಯಲ್ಲ. ಅಯೋಡಿನ್ನಿಗೂ ಥೈರಾಯ್ಡ್ ಉರಿಯೂತಕ್ಕೂ ಸಂಬಂಧ ಇದೆ. ಹಾರ್ಮೋನ್ ತಯಾರಾಗುವುದು ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನಿನ ಮೇಲೆ. ಅದಕ್ಕೆ ಅಯೋಡಿನ್ ಜಾಸ್ತಿ ಅಂಟಿದಷ್ಟೂ, ಮನೆತನದಲ್ಲಿ ಈ ಕಾಯಿಲೆಯ ಒಲವು ಇದ್ದವರಲ್ಲಿ, ರಕ್ಷಣಾ ಕಣಗಳ ಕಣ್ಣು ಅದರ ಮೇಲೆ ಬೀಳುವ ಸಾಧ್ಯತೆ ಹೆಚ್ಚು.

ಚೀನಾದಲ್ಲಿ ಮೂರು ಊರುಗಳನ್ನು ಐದು ವರ್ಷ ನೋಡಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮೂತ್ರದಲ್ಲಿ ಅಯೋಡಿನ್ ಲೀಟರಿಗೆ 84 ಮೈಕ್ರೋಗ್ರಾಂ ಇದ್ದ ಪಾನ್‌ಷಾನ್‌ನಲ್ಲಿ ಹೊಸದಾಗಿ ಥೈರಾಯ್ಡ್ ಉರಿಯೂತ ಬಂದವರು ನೂರಕ್ಕೆ 0.2. 243 ಇದ್ದ ಜಾಂಗ್‌ವುನಲ್ಲಿ 1.0. 651 ಇದ್ದ ಹುವಾಂಗ್‌ಹುವಾದಲ್ಲಿ 1.3. ಡೆನ್ಮಾರ್ಕ್‌ನಲ್ಲೂ 2000ದಲ್ಲಿ ಉಪ್ಪಿಗೆ ಅಯೋಡಿನ್ ಕಡ್ಡಾಯ ಮಾಡಿದ ಮೇಲೆ ಆಂಟಿಬಾಡಿ ಇರುವವರ ಸಂಖ್ಯೆ ಏರಿತು. ಏರಿದ್ದು ನಿಜ. ಮಿತಿ ಮೀರಿದ ಅಯೋಡಿನ್ ಒಳ್ಳೆಯದಲ್ಲ ಎಂಬುದೂ ನಿಜ.

ವಿಡಿಯೋದವರು ಬಿಟ್ಟದ್ದು ಇದರ ಇನ್ನೊಂದು ಮಗ್ಗುಲನ್ನು. ಕೊರಿಯಾ, ಜಪಾನ್‌ಗಳಲ್ಲಿ ಹಾಶಿಮೊಟೊ ಇದ್ದ ಕೆಲವರು ಅಯೋಡಿನ್ ಕಮ್ಮಿ ಮಾಡಿದಾಗ ಥೈರಾಯ್ಡ್ ಸುಧಾರಿಸಿದ್ದು ವರದಿಯಾಗಿದೆ. ಅಲ್ಲಿಯವರು ಕಡಲಕಳೆಯನ್ನು ನಾವು ಕೊತ್ತಂಬರಿ ಸೊಪ್ಪು ಹಾಕಿದ ಹಾಗೆ ಹಾಕಿಕೊಂಡು ತಿನ್ನುವವರು. ಅವರು ಕಮ್ಮಿ ಮಾಡಿದ್ದು ಸಾವಿರಗಳ ಲೆಕ್ಕದಿಂದ. ಅದನ್ನು ತಂದು ನೂರು ಮೈಕ್ರೋಗ್ರಾಂ ತಿನ್ನುವ ಮಲೆನಾಡಿನ ಮನೆಗೆ ಹೇಳಿದರೆ ಹೇಗೆ?

ಮಲೆನಾಡಿನ ಮಳೆ ಇಲ್ಲಿಯ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗುತ್ತದೆ. ಮಣ್ಣಲ್ಲಿ ಇಲ್ಲದ್ದು ಅಕ್ಕಿಯಲ್ಲಿ, ತರಕಾರಿಯಲ್ಲಿ ಎಲ್ಲಿಂದ ಬರಬೇಕು? ಕಡಲು ಹತ್ತಿರ ಇದ್ದರೂ ಉಪಯೋಗ ಅಷ್ಟಕ್ಕಷ್ಟೇ. ಆಗರದ ಉಪ್ಪು ಬಿಸಿಲಲ್ಲಿ ಒಣಗಿ ಹರಳಾಗುವಾಗ ಅದರಲ್ಲಿ ಉಳಿಯುವ ಅಯೋಡಿನ್ ತೀರಾ ಕಡಿಮೆ. ಕಡಲಿನ ಉಪ್ಪು ಅಂದ ಮಾತ್ರಕ್ಕೆ ಅಯೋಡಿನ್ ಇರುತ್ತದೆ ಅನ್ನುವುದು ಓದಿದವರಲ್ಲೂ ಇರುವ ತಪ್ಪು ಕಲ್ಪನೆ. ಸೈಂಧವ ಉಪ್ಪಿನದೂ ಅದೇ ಕತೆ.

ಆ ವಾರ ಅಜ್ಜಿಯನ್ನು ನೋಡಲು ಅವರ ಮನೆಗೆ ಹೋಗಿದ್ದೆ. ಜಗಲಿಯ ಗೋಡೆಯಲ್ಲಿ ಒಂದು ಹಳೆಯ ಫೋಟೋ. ಕುರ್ಚಿಯಲ್ಲಿ ಕೂತ ಹೆಂಗಸು, ಸೆರಗನ್ನು ಕುತ್ತಿಗೆ ಸುತ್ತ ಬಿಗಿಯಾಗಿ ಎಳೆದುಕೊಂಡಿದ್ದಾರೆ. ಸೆರಗಿನ ಮೇಲಂಚಿನಲ್ಲಿ ಉಬ್ಬು ಮಾತ್ರ ಕಾಣುತ್ತಿತ್ತು. ಗಳಗಂಡ, ಅಯೋಡಿನ್ ಸಾಲದೆ ಊದಿದ ಥೈರಾಯ್ಡ್. "ನಮ್ಮತ್ತೆ" ಎಂದರು ಅಜ್ಜಿ. "ಆಗ ಊರಲ್ಲಿ ಸುಮಾರು ಜನಕ್ಕೆ ಇತ್ತು. ಯಾರೂ ಕೇಳ್ತಿರಲಿಲ್ಲ." ಟೀಚರ್ ಆ ಫೋಟೋದ ಎದುರು ಇಪ್ಪತ್ತೈದು ವರ್ಷ ದೀಪ ಹಚ್ಚಿದ್ದಾರೆ. ಅದನ್ನು ಹಾಗೆ ನೋಡಿರಲಿಲ್ಲ ಎಂದರು.

ಅಯೋಡಿನ್ ಉಪ್ಪು ನಮ್ಮ ದೇಶಕ್ಕೆ ಬಂದದ್ದು ಅಂಥ ಕುತ್ತಿಗೆಗಳಿಗಾಗಿ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಕಣಿವೆಯನ್ನು ಮೂರು ಭಾಗ ಮಾಡಿದರು. ಎರಡು ಭಾಗಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಗಳಗಂಡವಾದರೂ ಕಣ್ಣಿಗೆ ಕಾಣುತ್ತದೆ. ತಾಯಿಗೆ ಅಯೋಡಿನ್ ತೀರಾ ಕಮ್ಮಿಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಆಗುವ ನಷ್ಟ ಕಾಣುವುದಿಲ್ಲ, ಮರಳಿ ಸಿಗುವುದೂ ಇಲ್ಲ. ಅದಕ್ಕೇ ಬಸುರಿಗೆ ಬೇಕಾದದ್ದು 150 ಅಲ್ಲ, 250.

ಏನು ಮಾಡಿದೆವು

ಕೆಲ್ಪ್ ಆ ದಿನವೇ ನಿಂತಿತು. ಅದರಲ್ಲಿ ಚರ್ಚೆ ಇರಲಿಲ್ಲ.

ಉಪ್ಪಿನ ವಿಷಯದಲ್ಲಿ ಟೀಚರ್ ಒಂದು ಷರತ್ತು ಹಾಕಿದರು. "ನನಗೊಬ್ಬಳಿಗೆ ಕಲ್ಲುಪ್ಪು ಬೇರೆ ಇಟ್ಕೊಳ್ಳಲಾ?" ನಾನು ಆಗಬಹುದು ಎಂದೆ. ಇಲ್ಲಿ ಕೆಲವು ವೈದ್ಯ ಗೆಳೆಯರು ನನ್ನನ್ನು ಒಪ್ಪುವುದಿಲ್ಲ. ಆದರೆ ಅವರು ಲೆವೋಥೈರಾಕ್ಸಿನ್ ಮೇಲಿದ್ದಾರೆ, ಬಸುರಿಯಲ್ಲ, ಹಾಲು ಮೊಸರು ತಿನ್ನುತ್ತಾರೆ. ಅವರ ತಟ್ಟೆಯ ಉಪ್ಪಿನಿಂದ ದೊಡ್ಡ ಅಪಾಯವಿರಲಿಲ್ಲ. ನನ್ನ ಒತ್ತಾಯವೆಲ್ಲ ಒಲೆಯ ಪಕ್ಕದ ಭರಣಿಯ ಮೇಲಿತ್ತು. ಅದರಲ್ಲಿ ಅಯೋಡಿನ್ ಉಪ್ಪೇ ಇರಬೇಕು, ಮುಚ್ಚಳ ಬಿಗಿಯಾಗಿರಬೇಕು, ಒದ್ದೆ ಕೈ ಹಾಕಬಾರದು, ಒಲೆಯಿಂದ ದೂರ ಇಡಬೇಕು. ಎಲ್ಲದಕ್ಕೂ ಜಗಳ ಆಡಿದರೆ ಮುಖ್ಯವಾದದ್ದನ್ನೂ ಸೋಲುತ್ತೇವೆ.

ಸೊಸೆಯ ಟಿಎಸ್‌ಎಚ್ 2.1 ಬಂತು. ಆಂಟಿಬಾಡಿ ಇರಲಿಲ್ಲ. ಯಜಮಾನರು ಮೂತ್ರದ ಅಯೋಡಿನ್ ಟೆಸ್ಟ್ ಮಾಡಿಸೋಣವೇ ಎಂದು ಕೇಳಿದರು. ಬೇಡ ಎಂದೆ. ಅದು ಊರಿನ ಲೆಕ್ಕ ಹೇಳುವ ಟೆಸ್ಟ್. ಒಬ್ಬರ ಒಂದು ದಿನದ ಮೂತ್ರದಿಂದ ಅವರ ಸ್ಥಿತಿ ಗೊತ್ತಾಗುವುದಿಲ್ಲ, ದಿನದಿಂದ ದಿನಕ್ಕೆ ಅಂಕಿ ಹಾರಾಡುತ್ತದೆ. ಹೆರಿಗೆ ತಜ್ಞರು ಎಂಟು ತಿಂಗಳ ಕಲ್ಲುಪ್ಪಿನ ಕತೆ ಕೇಳಿ, 150 ಮೈಕ್ರೋಗ್ರಾಂ ಅಯೋಡಿನ್ ಇರುವ ಬಸುರಿಯರ ಮಾತ್ರೆಯೊಂದನ್ನು ಬರೆದರು. ಮನೆಯ ಉಪ್ಪೂ ಬದಲಾಯಿತು.

ತಾಯಿ ಕಾರ್ಡ್ ಮಾಡಿಸಲು ಆಶಾ ಕಾರ್ಯಕರ್ತೆ ಬಂದಾಗ ಉಪ್ಪು ಪರೀಕ್ಷಿಸುವ ಸಣ್ಣ ಕಿಟ್ ತಂದಿದ್ದರಂತೆ. ತಟ್ಟೆಯಲ್ಲಿ ಎರಡು ಚಿಟಿಕೆ ಉಪ್ಪು ಇಟ್ಟು ಒಂದೊಂದು ಹನಿ ಬಿಟ್ಟರು. ಕಲ್ಲುಪ್ಪಿನ ಪುಡಿ ಒದ್ದೆಯಾಯಿತು, ಅಷ್ಟೇ. ಪ್ಯಾಕೆಟ್ ಉಪ್ಪು ನೇರಳೆ ಬಣ್ಣಕ್ಕೆ ತಿರುಗಿತು. "ಆಲೂಗಡ್ಡೆ ಮೇಲೆ ಅಯೋಡಿನ್ ಹಾಕಿ ಪ್ರತಿ ವರ್ಷ ಮಕ್ಕಳಿಗೆ ತೋರಿಸ್ತೀನಿ ಡಾಕ್ಟ್ರೇ. ಅದೇ ಪ್ರಯೋಗ, ಉಲ್ಟಾ" ಎಂದರು ಟೀಚರ್, ಆಮೇಲೆ ಸಿಕ್ಕಾಗ. ನನ್ನ ಚೀಟಿಯ ಲೆಕ್ಕಕ್ಕಿಂತ ಆ ಒಂದು ಹನಿ ಹೆಚ್ಚು ಕೆಲಸ ಮಾಡಿತು ಅನ್ನಿಸುತ್ತದೆ. ಸೊಸೆಯೂ ಪಕ್ಕದಲ್ಲಿ ನಿಂತು ನೋಡಿದ್ದಳು.

ಮಾತ್ರೆಯ ವಿಷಯದಲ್ಲಿ ನಾನು ಇನ್ನೊಂದು ಎಡವಟ್ಟು ಮಾಡಿದೆ. ಟಿಎಸ್‌ಎಚ್ 19 ಇದೆ, ಸುಸ್ತಿದೆ ಎಂದು 75 ಅನ್ನು ಹಾಗೇ ಬಿಟ್ಟೆ. ಆರು ವಾರಕ್ಕೆ ಬನ್ನಿ ಎಂದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಮೌಲ್ಯಮಾಪನ ಅಂತ ಅವರು ಬಂದದ್ದು ಹನ್ನೊಂದು ವಾರಕ್ಕೆ, ಏಪ್ರಿಲ್‌ನಲ್ಲಿ. ಎದೆ ಡವಡವ, ರಾತ್ರಿ ನಿದ್ದೆ ಇಲ್ಲ, ಉತ್ತರಪತ್ರಿಕೆ ಹಿಡಿದರೆ ಕೈ ಸಣ್ಣಗೆ ನಡುಕ. ಟಿಎಸ್‌ಎಚ್ 0.2. ಕೆಲ್ಪ್ ನಿಂತ ಮೇಲೆ ಗ್ರಂಥಿಯ ಕೈ ಬಿಚ್ಚಿತ್ತು, ಮಾತ್ರೆ ಮಾತ್ರ ಹೆಚ್ಚಿನದೇ ಉಳಿದಿತ್ತು. ಕಾರಣ ತೆಗೆದ ದಿನವೇ ಡೋಸನ್ನು ಹಳೆಯ 50ಕ್ಕೆ ತರಬೇಕಿತ್ತು, ಇಲ್ಲವೇ ಆರು ವಾರಕ್ಕೆ ಬರದಿದ್ದಾಗ ಒಂದು ಫೋನ್ ಮಾಡಬೇಕಿತ್ತು. ಎರಡೂ ಮಾಡಲಿಲ್ಲ. 50ಕ್ಕೆ ಇಳಿಸಿದೆ. ಜೂನ್‌ನಲ್ಲಿ 2.9.

ಆಂಟಿ-ಟಿಪಿಒ ಮತ್ತೆ ನೋಡಿಲ್ಲ. ಟೀಚರ್ ಎರಡು ಸಲ ಕೇಳಿದರು. ಅದು ಏರಿದರೂ ಇಳಿದರೂ ಮಾತ್ರೆಯ ಡೋಸ್ ಬದಲಾಗುವುದಿಲ್ಲ. ಹಾಶಿಮೊಟೊ ಹೋಗಿಲ್ಲ, ಹೋಗುವುದೂ ಇಲ್ಲ. ಕೆಲ್ಪ್ ಅದನ್ನು ತಂದದ್ದೂ ಅಲ್ಲ. ಫೆಬ್ರವರಿಯಲ್ಲೇ ಅದು ಇತ್ತು. ಇದ್ದ ಕಾಯಿಲೆಗೆ ಕೆಲ್ಪ್ ಏಟು ಕೊಟ್ಟಿತು, ಅಷ್ಟೇ.

ಆಗಸ್ಟ್‌ನಲ್ಲಿ ಸೊಸೆಗೆ ಹೆರಿಗೆ ಆಯಿತು. ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಮಾಡುವ ಟಿಎಸ್‌ಎಚ್ ಸರಿಯಿತ್ತು. ಎಂಟು ತಿಂಗಳ ಕಲ್ಲುಪ್ಪು ಏನೂ ಮಾಡಲಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಹತ್ತನೇ ವಾರದಲ್ಲೇ ಗೊತ್ತಾಯಿತು ಎಂಬುದಷ್ಟೇ ನಮ್ಮ ಅದೃಷ್ಟ.

ನನ್ನ ಕಡೆಯಿಂದ ಬದಲಾದದ್ದು

ಈಗ ಥೈರಾಯ್ಡ್ ಅಂತ ಹೊಸದಾಗಿ ಬಂದವರಿಗೆ ಉಪ್ಪಿನ ಮಾತು ಅವರು ಕೇಳುವ ಮುಂಚೆ ನಾನೇ ತೆಗೆಯುತ್ತೇನೆ. ನಾಲ್ಕು ನಿಮಿಷ ಬೇಕು. ಅಯೋಡಿನ್ ಉಪ್ಪು ಬಿಡುವ ಅಗತ್ಯವಿಲ್ಲ, ಹಾಗಂತ ಅಯೋಡಿನ್ ಹೆಚ್ಚು ತಿಂದರೆ ಥೈರಾಯ್ಡ್ ವಾಸಿಯೂ ಆಗುವುದಿಲ್ಲ. ಕೆಲ್ಪ್, ಅಯೋಡಿನ್ ಡ್ರಾಪ್ಸ್, "ಥೈರಾಯ್ಡ್ ಸಪೋರ್ಟ್" ಎಂದು ಬರೆದ ಡಬ್ಬಗಳು, ಯಾವುದೇ ಇದ್ದರೂ ನನಗೆ ತೋರಿಸಿ ಎನ್ನುತ್ತೇನೆ. ಅಯೋಡಿನ್ ಡ್ರಾಪ್ಸ್ ಇನ್ನೂ ಕೆಟ್ಟದ್ದು. ಐದು ಪರ್ಸೆಂಟಿನ ಲೂಗೋಲ್ ದ್ರಾವಣದ ಒಂದೇ ಹನಿಯಲ್ಲಿ ಆರು ಮಿಲಿಗ್ರಾಂ ಅಯೋಡಿನ್, ದಿನಕ್ಕೆ ಬೇಕಾದದ್ದರ ನಲವತ್ತು ಪಟ್ಟು.

"ಬೇರೆ ಏನಾದ್ರೂ ತಗೋತೀರಾ" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಆ ಪ್ರಶ್ನೆಗೆ ಎಲ್ಲರೂ ಇಲ್ಲ ಅನ್ನುತ್ತಾರೆ, ಪುಡಿ ಕಷಾಯಗಳನ್ನು ಯಾರೂ ಔಷಧಿ ಅಂದುಕೊಂಡಿರುವುದಿಲ್ಲ. ಚೀಲ ತನ್ನಿ ಎನ್ನುತ್ತೇನೆ. ಡೋಸ್ ಏರಿಸಬೇಕು ಅನ್ನಿಸಿದ ದಿನ ಚೀಲ ನೋಡದೆ ಏರಿಸುವುದಿಲ್ಲ. ಯಾರಾದರೂ ಉಪ್ಪು ಬದಲಿಸಿದೆ ಅಂದರೆ ಮೊದಲ ಪ್ರಶ್ನೆ, ಮನೆಯಲ್ಲಿ ಬಸುರಿ ಅಥವಾ ಮದುವೆಯಾದ ಹುಡುಗಿ ಇದ್ದಾಳಾ?

ಟೀಚರ್ ಅವರ ಬೇರೆ ಉಪ್ಪು ಒಂದು ತಿಂಗಳೂ ನಡೆಯಲಿಲ್ಲ. ಸಾರಿಗೆ ಒಂದು, ತಟ್ಟೆಗೆ ಒಂದು, ಮಜ್ಜಿಗೆಗೆ ಒಂದು ಅಂತ ಎರಡೆರಡು ಭರಣಿ ತೆಗೆದಿಡುವುದು ರಗಳೆ ಎಂದು ಅವರೇ ಬಿಟ್ಟರು. ಚೀಲದಲ್ಲಿ ಅರ್ಧ ಕಲ್ಲುಪ್ಪು ಉಳಿದಿತ್ತು. ಮಾರ್ಚ್‌ನಲ್ಲಿ ಅಪ್ಪೆಮಿಡಿ ಬಂದಾಗ ಅಷ್ಟೂ ಮಿಡಿ ಉಪ್ಪಿಗೆ ಹಾಕಲು ಹೋಯಿತು. ಏಪ್ರಿಲ್‌ನಲ್ಲಿ ನಡುಗುವ ಕೈಯಲ್ಲೇ ನನಗೂ ಒಂದು ಬಾಟಲಿ ಉಪ್ಪಿನಕಾಯಿ ತಂದುಕೊಟ್ಟರು. ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿ, ಕೆಂಪು ಪೆನ್ನಿನಲ್ಲಿ, "ಅಯೋಡಿನ್ ಇಲ್ಲ" ಎಂದು ಬರೆದಿತ್ತು.